ಈಜು, ಸೈಕಲ್, ಓಟ ಆಯ್ತು, ನಾಲ್ಕನೆಯದು ಯಾವುದು?

ವಾಸ್ಕೋದಲ್ಲಿ ನಮ್ಮದೊಂದು ಚಿಕ್ಕ ಗುಂಪಿದೆ. ಹದಿನಾಲ್ಕು ಜನ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯವರು ಜಾಸ್ತಿ, ಕಾರವಾರ, ಅಂಕೋಲಾದವರೂ ಇದ್ದಾರೆ. ವಾರವಿಡೀ ಬಂದರು, ಕಾರ್ಖಾನೆ, ಅಂಗಡಿ, ಶಾಲೆ ಅಂತ ಹಂಚಿಹೋಗಿರುತ್ತೇವೆ. ಭಾನುವಾರ ಬೆಳಿಗ್ಗೆ ಮಾತ್ರ ಎಲ್ಲರೂ ಬೊಗ್ಮಾಳೊ ಬೀಚಿನಲ್ಲಿ ಸೇರುತ್ತೇವೆ. ಈಜುತ್ತೇವೆ, ಸೈಕಲ್ ತುಳಿಯುತ್ತೇವೆ, ಓಡುತ್ತೇವೆ. 2019ರಲ್ಲಿ ಪಣಜಿಯ ಮಿರಾಮಾರಿನಲ್ಲಿ ಐರನ್‌ಮ್ಯಾನ್ 70.3 (ಐರನ್‌ಮ್ಯಾನ್ ಅನ್ನುವ ದೂರದ ಟ್ರಯಥ್ಲಾನಿನ ಅರ್ಧ ಅಳತೆಯದು) ಶುರುವಾದ ಮೇಲೆ ಗೋವಾದಲ್ಲಿ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ಸ್ಪರ್ಧೆ) ಹುಚ್ಚು ಹಿಡಿದವರು ಬಹಳ. ನಾವೂ ಅವರಲ್ಲಿ ಸೇರಿದವರೇ.

ಈ ಸಲ ನಮ್ಮೊಳಗೇ ಒಂದು ಸ್ಪರ್ಧೆ ಇಟ್ಟುಕೊಳ್ಳೋಣ, ಮೂರರ ಜೊತೆ ಇನ್ನೊಂದು ಆಟ ಸೇರಿಸೋಣ ಅಂತ ಮಾತು ಬಂತು. ಚಹಾ ಮುಗಿಯುವಷ್ಟರಲ್ಲಿ ಏಳು ಸಲಹೆ ಬಂದವು. ಕುಸ್ತಿ, ಮಲ್ಲಕಂಬ, ಗುಂಡು ಎತ್ತುವುದು, ಗುರಿ ಹೊಡೆಯುವುದು, ಸ್ಕೇಟಿಂಗ್, ಗುಡ್ಡ ಹತ್ತುವುದು, ಕಯಾಕ್. ಪ್ರತಿಯೊಬ್ಬರೂ ತಮಗೆ ಬರುವ ಆಟವನ್ನೇ ಹೇಳಿದರು. ಅದು ಸಹಜ. ನಾನೂ ಹಾಗೇ ಮಾಡಿದೆ, ಗುಡ್ಡ ಹತ್ತುವುದನ್ನು ಹೇಳಿದವನು ನಾನೇ. ಅದಾದ ಮೇಲೆ ಎರಡು ತಿಂಗಳು ಓದಿ, ಕೇಳಿ, ಮಾಡಿ ನೋಡಿದೆವು. ಆಗ ಗೊತ್ತಾಯಿತು: ಮೊದಲು ಕೇಳಬೇಕಾದ ಪ್ರಶ್ನೆ, ಹೊಸ ಆಟ ಯಾವುದರ ಹಿಂದೆ, ಯಾವುದರ ಮುಂದೆ ಕೂರುತ್ತದೆ ಅನ್ನುವುದು. ಅಲ್ಲಿಗೆ ಬರುವಾಗ ಮೈ ಯಾವ ಸ್ಥಿತಿಯಲ್ಲಿ ಇರುತ್ತದೆ ಅನ್ನುವುದು. ಅದು ಗೊತ್ತಾದರೆ ಏಳರಲ್ಲಿ ಐದು ಆಟ ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಟ್ರಯಥ್ಲಾನಿನ ಕ್ರಮವನ್ನೇ ನೋಡಿ. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಮೊದಲಿನಿಂದಲೂ ಹೀಗೇ ಇರಲಿಲ್ಲ. ಈಗಿನ ಟ್ರಯಥ್ಲಾನ್ ಹುಟ್ಟಿದ್ದು ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ, 1974ರ ಸೆಪ್ಟೆಂಬರ್ 25ರಂದು. ಅಲ್ಲಿ ಓಟ ಮೊದಲಿತ್ತು, ಈಜು ಕೊನೆಗಿತ್ತು. 46 ಜನ ಭಾಗವಹಿಸಿದ್ದರು. ಹಿಂದೆ ಬಿದ್ದವರು ನೀರಿಗಿಳಿಯುವಷ್ಟರಲ್ಲಿ ಕತ್ತಲಾಗಿತ್ತು. ದಡದಲ್ಲಿ ಕಾರು ನಿಲ್ಲಿಸಿ, ಅದರ ದೀಪ ನೀರಿನ ಮೇಲೆ ಬಿಟ್ಟು ಅವರನ್ನು ದಡ ಸೇರಿಸಬೇಕಾಯಿತು. ಓಡಿ, ಸೈಕಲ್ ತುಳಿದು, ದಣಿದ ಮೈಯಲ್ಲಿ, ಕತ್ತಲೆಯಲ್ಲಿ, ಆಳದ ನೀರಿನಲ್ಲಿ ಈಜುವುದನ್ನು ಒಮ್ಮೆ ನೆನೆಸಿಕೊಳ್ಳಿ.

ಈಗಿನ ಕ್ರಮದ ಹಿಂದಿರುವ ತರ್ಕ ಇದೇ. ದಣಿದಾಗ ಯಾವುದು ಪ್ರಾಣಕ್ಕೆ ಕುತ್ತೋ ಅದು ಮೊದಲು. ಓಡುವಾಗ ಕಾಲು ಸೋತರೆ ನಿಲ್ಲಬಹುದು, ರಸ್ತೆ ಬದಿಯಲ್ಲಿ ಕೂರಬಹುದು. ಸೈಕಲಿನ ಮೇಲೆ ಸೋತರೆ ಬೀಳುತ್ತೇವೆ. ನೀರಿನಲ್ಲಿ ಸೋತರೆ ಮುಳುಗುತ್ತೇವೆ. ನಾಲ್ಕನೆಯ ಆಟ ಏನೇ ಇರಲಿ, ಅದಕ್ಕೂ ಈ ಸಾಲಿನಲ್ಲೇ ಜಾಗ ಹುಡುಕಬೇಕು.

ಇನ್ನೊಂದು ಹಳೆಯ ಸಂಗತಿಯಿಂದ ನಮಗೆ ತುಂಬಾ ಸಹಾಯವಾಯಿತು. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆಯಿತು. 15 ಜನ ಹೊರಟರು, 12 ಜನ ಮುಗಿಸಿದರು. ಅದರ ದೂರಗಳನ್ನು ಯಾರೂ ಲೆಕ್ಕ ಹಾಕಿ ಕಟ್ಟಿದ್ದಲ್ಲ. ಅದೇ ದ್ವೀಪದಲ್ಲಿ ಆಗಲೇ ಮೂರು ಸ್ಪರ್ಧೆಗಳಿದ್ದವು: 2.4 ಮೈಲಿಯ ಸಮುದ್ರ ಈಜು, ದ್ವೀಪ ಸುತ್ತುವ 115 ಮೈಲಿಯ ಸೈಕಲ್ ದಾರಿ, ಹೊನೊಲುಲು ಮ್ಯಾರಥಾನ್. ಮೂರನ್ನೂ ಒಂದೇ ದಿನಕ್ಕೆ ಜೋಡಿಸಿದರು. ಸೈಕಲ್ ದಾರಿಯಲ್ಲಿ 3 ಮೈಲಿ ಕಡಿಮೆ ಮಾಡಿದರೆ ಅದು ಮ್ಯಾರಥಾನ್ ಶುರುವಾಗುವ ಜಾಗದಲ್ಲೇ ಮುಗಿಯುತ್ತಿತ್ತು. ಹಾಗಾಗಿ 112 ಮೈಲಿ ಆಯಿತು. ಇವತ್ತು ಜಗತ್ತಿನ ಎಲ್ಲ ಪೂರ್ತಿ ದೂರದ ಐರನ್‌ಮ್ಯಾನುಗಳಲ್ಲಿ ಜನ ತುಳಿಯುವ 180 ಕಿ.ಮೀ. ಬಂದದ್ದು ಅಲ್ಲಿಂದಲೇ. ಊರಿನಲ್ಲಿ ಇದ್ದದ್ದನ್ನು ತೆಗೆದುಕೊಂಡರು, ಒಂದರ ತುದಿ ಇನ್ನೊಂದರ ಬುಡಕ್ಕೆ ಸೇರುವ ಹಾಗೆ ಮಾಡಿದರು. ಅದಕ್ಕೇ ನಾವೂ ಗೋವಾದಲ್ಲಿ ಏನಿದೆ ಅಂತಲೇ ಮೊದಲು ನೋಡಿದೆವು.

ಈಗ ಮೈಯ ಲೆಕ್ಕ. ಈಜಿನಲ್ಲಿ ಎಳೆಯುವ ಕೆಲಸ ಭುಜ ಮತ್ತು ಬೆನ್ನಿನ ಎರಡೂ ಬದಿಯ ಅಗಲ ಸ್ನಾಯುಗಳದು. ದೂರದ ಈಜಿನಲ್ಲಿ ಕಾಲಿನ ಕೆಲಸ ಕಡಿಮೆ, ಮೈಯನ್ನು ಮಟ್ಟಸವಾಗಿ ಇಟ್ಟರೆ ಸಾಕು. ಸೈಕಲಿನಲ್ಲಿ ತೊಡೆಯ ಮುಂಭಾಗ ಮತ್ತು ಕುಂಡಿಯ ಸ್ನಾಯು ದುಡಿಯುತ್ತವೆ, ಆದರೆ ಪೆಟ್ಟು ಬೀಳುವುದಿಲ್ಲ. ಓಟದಲ್ಲಿ ಮೀನಖಂಡ, ತೊಡೆಯ ಹಿಂಭಾಗ. ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು ಮೂರು ಪಟ್ಟು ಪೆಟ್ಟು ಕಾಲಿಗೆ ಬರುತ್ತದೆ. ಹಾಗಾದರೆ ಏನು ಉಳಿಯಿತು? ಮೂರೂ ನೇರ ಮುಂದಕ್ಕೆ ಹೋಗುವ ಆಟಗಳು. ಪಕ್ಕಕ್ಕೆ ಸರಿಯುವುದು ಇಲ್ಲ. ಮುಷ್ಟಿಯ ಹಿಡಿತಕ್ಕೆ ಹೆಚ್ಚು ಕೆಲಸವಿಲ್ಲ. ಸೊಂಟದಿಂದ ಮೇಲಿನ ಮೈ ತಿರುಗುವುದು ಈಜಿನಲ್ಲಿ ಸ್ವಲ್ಪ ಇದೆ, ಉಳಿದ ಎರಡರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹೊಸ ಆಟ ಈ ಖಾಲಿ ಜಾಗ ತುಂಬಿದರೆ ಅದನ್ನು ಸೇರಿಸಿದ್ದಕ್ಕೆ ಅರ್ಥ ಇರುತ್ತದೆ, ಅಲ್ವಾ?

ನನ್ನ ಗುಡ್ಡ ಹತ್ತುವ ಸಲಹೆ ಬಿದ್ದುಹೋದದ್ದು ಇಲ್ಲಿ. ಪುಣೆಯಲ್ಲಿ ಇರುವ ನನ್ನ ತಂಗಿ ಪ್ರತಿ ವಾರ ಸಿಂಹಗಡ ಹತ್ತುತ್ತಾಳೆ. ಅದನ್ನು ನೋಡಿಯೇ ನನಗೆ ಆಸೆ ಹುಟ್ಟಿತ್ತು. ಆದರೆ ಗುಡ್ಡ ಹತ್ತುವುದು ಅದೇ ತೊಡೆ, ಅದೇ ಮೀನಖಂಡ. ಸೈಕಲ್ ಮತ್ತು ಓಟದ ನಡುವೆ ಅದನ್ನು ಇಟ್ಟರೆ ಓಟವನ್ನೇ ಇನ್ನೊಂದು ಗಂಟೆ ಉದ್ದ ಮಾಡಿದ ಹಾಗೆ. ಪುಣೆಯವರು ಅಭ್ಯಾಸಕ್ಕೆ ಧಾರಾಳವಾಗಿ ಬಳಸಿಕೊಳ್ಳಲಿ. ನಾಲ್ಕನೆಯ ಆಟ ಅನ್ನುವ ಹೆಸರು ಅದಕ್ಕೆ ಒಪ್ಪುವುದಿಲ್ಲ.

ಗದಗಿನ ಅಣ್ಣ ಕುಸ್ತಿ ಬಿಡಲು ಸುಲಭಕ್ಕೆ ಒಪ್ಪಲಿಲ್ಲ. ಚಿಕ್ಕವನಿದ್ದಾಗ ಗರಡಿಯಲ್ಲಿ ಬೆಳೆದವನು. “ಹಿಡಿತ ಬೇಕು ಅಂತೀರಿ, ತಿರುಗೋದು ಬೇಕು ಅಂತೀರಿ, ಕುಸ್ತಿ ಒಳಗ ಎಲ್ಲಾ ಐತಲ್ರೀ” ಅಂದ. ಮಾತು ನಿಜ. ಮೈಗೆ ಬೇಕಾದದ್ದೆಲ್ಲ ಕುಸ್ತಿಯಲ್ಲಿದೆ. ತೊಂದರೆ ಗಡಿಯಾರದಲ್ಲಿದೆ. ಟ್ರಯಥ್ಲಾನ್ ಶುರುವಾದಾಗ ಒತ್ತಿದ ಗಡಿಯಾರ ಕೊನೆಯವರೆಗೂ ನಿಲ್ಲುವುದಿಲ್ಲ. ಕುಸ್ತಿಗೆ ಎದುರಾಳಿ ಬೇಕು. ಮೊದಲು ಬಂದವನು ಎರಡನೆಯವನಿಗಾಗಿ ಕಾಯಬೇಕಾ? ಇಬ್ಬರೂ ಒಂದೇ ತೂಕದವರಾ? ಗೆದ್ದವನಿಗೆ ಎಷ್ಟು ನಿಮಿಷ ಕೊಡಬೇಕು? ಮಲ್ಲಕಂಬಕ್ಕೂ ಇದೇ ತೊಡಕು. ಅಲ್ಲಿ ಅಂಕ ಕೊಡುವವರು ಬೇಕು, ಅಂಕವನ್ನು ನಿಮಿಷಕ್ಕೆ ತಿರುಗಿಸಬೇಕು.

ಹಾಗೆ ತಿರುಗಿಸುವುದು ಆಗದ ಮಾತೇನಲ್ಲ. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಬಂದ ಮಾಡರ್ನ್ ಪೆಂಟಾಥ್ಲಾನ್ (ಐದು ಆಟಗಳ ಸ್ಪರ್ಧೆ) ಈಗ ಅದನ್ನೇ ಮಾಡುತ್ತದೆ. ಕತ್ತಿವರಸೆ, ಈಜು ಇವುಗಳ ಅಂಕ ಕೂಡಿಸಿ, ಕೊನೆಯ ಸುತ್ತಿಗೆ ಯಾರು ಎಷ್ಟು ಸೆಕೆಂಡ್ ಮೊದಲು ಹೊರಡಬೇಕು ಅಂತ ನಿರ್ಧರಿಸುತ್ತಾರೆ. ಆಮೇಲೆ ಗೆರೆ ಮೊದಲು ದಾಟಿದವರೇ ಗೆದ್ದ ಹಾಗೆ. ಚಂದದ ಉಪಾಯ. ಆದರೆ ಅದಕ್ಕೆ ಪಂಚರು, ಪಟ್ಟಿ, ನಡುವೆ ಬಿಡುವು ಎಲ್ಲ ಬೇಕು. ಹದಿನಾಲ್ಕು ಜನ ಗೆಳೆಯರಿಗೆ ಭಾರವಾಯಿತು.

ಅದೇ ಪೆಂಟಾಥ್ಲಾನಿನಿಂದ ಇನ್ನೊಂದು ಎಚ್ಚರಿಕೆಯೂ ಸಿಕ್ಕಿತು. ಅದರಲ್ಲಿ ಕುದುರೆ ಸವಾರಿಯೂ ಇತ್ತು. ಯಾರಿಗೆ ಯಾವ ಕುದುರೆ ಅನ್ನುವುದು ಚೀಟಿ ಎತ್ತಿ ಗೊತ್ತಾಗುತ್ತಿತ್ತು. ಪರಿಚಯ ಮಾಡಿಕೊಳ್ಳಲು 20 ನಿಮಿಷ ಸಮಯ, ಅಷ್ಟೇ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮುಂದಿದ್ದ ಜರ್ಮನಿಯ ಆನಿಕಾ ಶ್ಲೋಯ್ ಅವರಿಗೆ ಬಂದ ಕುದುರೆ ಬೇಲಿ ಹಾರಲು ಒಪ್ಪಲೇ ಇಲ್ಲ. ಅವರು ಅಳುತ್ತಾ ಕೂತಿದ್ದನ್ನು ಜಗತ್ತೆಲ್ಲ ನೋಡಿತು. ಕುದುರೆಯ ಮೇಲೆ ಬಿದ್ದ ಪೆಟ್ಟುಗಳನ್ನೂ ನೋಡಿತು. 2024ರ ಪ್ಯಾರಿಸ್ ಆದ ಮೇಲೆ ಕುದುರೆ ಸವಾರಿ ತೆಗೆದು, ಅಡೆತಡೆಗಳನ್ನು ದಾಟುವ ಓಟವನ್ನು ಆ ಜಾಗದಲ್ಲಿ ಇಟ್ಟರು. ನಾವು ಕುದುರೆ ತರುವವರಲ್ಲ. ಆದರೂ ಸಾಮಾನು ಎಲ್ಲರಿಗೂ ಒಂದೇ ಆಗಿರಬೇಕು ಅನ್ನುವ ಪಾಠ ಕಯಾಕಿಗೂ ಅನ್ವಯಿಸುತ್ತದೆ. ಒಬ್ಬರಿಗೆ ಉದ್ದನೆಯ ವೇಗದ ದೋಣಿ, ಇನ್ನೊಬ್ಬರಿಗೆ ಪ್ರವಾಸಿಗರ ಅಗಲ ದೋಣಿ ಕೊಟ್ಟರೆ ಅದು ದೋಣಿಗಳ ಸ್ಪರ್ಧೆ ಆಗುತ್ತದೆ.

ಗುರಿ ಹೊಡೆಯುವುದರ ಬಗ್ಗೆ ನನಗೆ ತುಂಬಾ ಕುತೂಹಲ ಇತ್ತು. ಚಳಿಗಾಲದ ಬಯಾಥ್ಲಾನಿನಲ್ಲಿ ಹಿಮದ ಮೇಲೆ ಸ್ಕೀ ಮಾಡಿ ಏದುಸಿರು ಬಿಡುತ್ತಾ ಬಂದವರು 50 ಮೀಟರ್ ದೂರದ ಗುರಿಗೆ ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ ಬರೀ 45 ಮಿಲಿಮೀಟರ್. ತಪ್ಪಿದ ಪ್ರತಿ ಗುಂಡಿಗೆ, ಹೆಚ್ಚಿನ ಸ್ಪರ್ಧೆಗಳಲ್ಲಿ, 150 ಮೀಟರಿನ ಒಂದು ಸುತ್ತು ಹೆಚ್ಚಿಗೆ ಹೋಗಬೇಕು. ಎದೆ ಬಡಿತ ಏರಿದಾಗ ಕೈ ನಿಲ್ಲಿಸುವುದು ಒಂದು ಬೇರೆಯೇ ವಿದ್ಯೆ. ಅಂಕದ ಗೊಂದಲವೂ ಇಲ್ಲ, ತಪ್ಪಿದರೆ ಓಡು, ಅಷ್ಟೇ. ಬಂದೂಕು, ಬಿಲ್ಲಿನ ಬದಲು ಚೆಂಡು ಎಸೆದು ಡಬ್ಬಿ ಬೀಳಿಸುವುದನ್ನೂ ಇಡಬಹುದು. ಇದು ನಮ್ಮ ಪಟ್ಟಿಯಲ್ಲಿ ಕೊನೆಯವರೆಗೂ ಇತ್ತು. ಕೈಬಿಟ್ಟದ್ದು ಒಂದೇ ಕಾರಣಕ್ಕೆ: ಅದು ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಈ ಸಮಯದ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ಒಲಿಂಪಿಕ್ ದೂರ ಅಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಅದರಲ್ಲಿ ಅರ್ಧದಷ್ಟು ಸಮಯ ಸೈಕಲಿನ ಮೇಲೇ ಹೋಗುತ್ತದೆ. ಈಜಿನ ಪಾಲು ಐದನೇ ಒಂದಕ್ಕಿಂತ ಜಾಸ್ತಿ ಇರುವುದಿಲ್ಲ. ಹೊಸ ಆಟಕ್ಕೆ ಕೊನೇ ಪಕ್ಷ ಈಜಿಗೆ ಸಿಗುವಷ್ಟು ಪಾಲಾದರೂ ಸಿಗಬೇಕು. ಇಲ್ಲದಿದ್ದರೆ ಅದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ, ಹೇಗೋ ಮುಗಿಸಿ ಸೈಕಲ್ ಹತ್ತುತ್ತಾರೆ. ನಾವು ತೆಗೆದುಕೊಂಡಿದ್ದು ಸ್ಪ್ರಿಂಟ್ ದೂರ: 750 ಮೀಟರ್, 20 ಕಿ.ಮೀ., 5 ಕಿ.ಮೀ. ನಮ್ಮಂಥವರಿಗೆ ಈಜಿಗೆ 20 ನಿಮಿಷ, ಸೈಕಲಿಗೆ 45, ಓಟಕ್ಕೆ 30. ಅಗಲ ಕಯಾಕಿನಲ್ಲಿ ಗಂಟೆಗೆ ಐದಾರು ಕಿ.ಮೀ. ಹೋಗಬಹುದು. 3 ಕಿ.ಮೀ. ಇಟ್ಟರೆ ಮೂವತ್ತು ಮೂವತ್ತೈದು ನಿಮಿಷ. ಸರಿಯಾಗಿ ಹೊಂದಿತು.

ಗುಂಡು ಎತ್ತುವುದನ್ನು ಬೇಗ ಬಿಟ್ಟೆವು. ಸೈಕಲ್ ತುಳಿದು ಸೊಂಟ ಬಗ್ಗಿಹೋದ ಮೇಲೆ ಭಾರದ ಕಲ್ಲು ಎತ್ತುವುದು ಬೆನ್ನಿಗೆ ಒಳ್ಳೆಯದಲ್ಲ. ಸ್ಕೇಟಿಂಗ್ ಪಕ್ಕಕ್ಕೆ ತಳ್ಳುವ ಆಟ, ಖಾಲಿ ಜಾಗ ಚೆನ್ನಾಗಿ ತುಂಬುತ್ತದೆ. ಆದರೆ ನಯವಾದ, ವಾಹನ ಬಾರದ ರಸ್ತೆ ಬೇಕು. ವಾಸ್ಕೋ ಸುತ್ತ ಅದು ನಮಗೆ ಸಿಗಲಿಲ್ಲ. ಸ್ಪರ್ಧೆಯ ಉಸಾಬರಿ ಇಲ್ಲದೆ ಮೈ ಗಟ್ಟಿ ಮಾಡಿಕೊಳ್ಳಲು ಮಾತ್ರ ನಾಲ್ಕನೆಯ ಆಟ ಹುಡುಕುವವರು ಸ್ಕೇಟಿಂಗ್, ಬ್ಯಾಡ್ಮಿಂಟನ್, ಕಬಡ್ಡಿ ಯಾವುದನ್ನಾದರೂ ಬೇರೆ ದಿನ ಆಡಬಹುದು. ಅವರಿಗೆ ಕ್ರಮದ ಚಿಂತೆ ಇಲ್ಲ.

ಕೊನೆಗೆ ಉಳಿದದ್ದು ಕಯಾಕ್. ಇದನ್ನು ನಾವೇ ಮೊದಲು ಕಂಡುಹಿಡಿದೆವು ಅಂತ ಅಲ್ಲ. ಈಜು, ಕಯಾಕ್, ಸೈಕಲ್, ಓಟ ನಾಲ್ಕೂ ಸೇರಿದ ಕ್ವಾಡ್ರಥ್ಲಾನ್ ಯುರೋಪಿನಲ್ಲಿ ದಶಕಗಳಿಂದ ಇದೆ. ನ್ಯೂಜಿಲೆಂಡಿನಲ್ಲಿ 1983ರಿಂದ ನಡೆಯುವ ಕೋಸ್ಟ್ ಟು ಕೋಸ್ಟ್ ಸ್ಪರ್ಧೆಯಲ್ಲಿ ಓಟ, ಸೈಕಲಿನ ಜೊತೆ ನದಿಯಲ್ಲಿ ಸುಮಾರು 67 ಕಿ.ಮೀ. ಕಯಾಕ್ ಇದೆ. ಗೋವಾದಲ್ಲಿ ಬಾಡಿಗೆಗೆ ದೋಣಿ ಸಿಗುತ್ತದೆ, ನೀರಂತೂ ಇದ್ದೇ ಇದೆ.

ಆದರೆ ಎಲ್ಲಿ ಇಡಬೇಕು? ಕ್ವಾಡ್ರಥ್ಲಾನಿನಲ್ಲಿ ಎರಡೂ ಪದ್ಧತಿ ಇವೆ. ಈಜಿನ ಬೆನ್ನಿಗೇ ಕಯಾಕ್ ಇಡುವವರಿದ್ದಾರೆ, ಸೈಕಲ್ ಆದ ಮೇಲೆ ಇಡುವವರೂ ಇದ್ದಾರೆ. ಸೈಕಲ್ ಆದ ಮೇಲೆ ಇಟ್ಟರೆ ಕೈಗಳಿಗೆ ಮುಕ್ಕಾಲು ಗಂಟೆ ವಿಶ್ರಾಂತಿ ಸಿಕ್ಕಿರುತ್ತದೆ, ಕಾಲಿಗೂ ಓಟಕ್ಕೆ ಮೊದಲು ಬಿಡುವು. ಕಾಗದದ ಮೇಲೆ ಇದೇ ಸರಿ ಅನ್ನಿಸುತ್ತದೆ. ಈಜಿನ ಹಿಂದೆಯೇ ಇಟ್ಟರೆ ಸೋತ ಭುಜಕ್ಕೆ ಮತ್ತೆ ಕೆಲಸ.

ಒಂದು ಭಾನುವಾರ ನಾನು ಅದನ್ನೇ ಮಾಡಿ ನೋಡಿದೆ. 750 ಮೀಟರ್ ಈಜಿ ಮೇಲೆ ಬಂದೆ. ಲೈಫ್ ಜಾಕೆಟಿನ ಕೊಕ್ಕೆ ಹಾಕಲು ಹೋದರೆ ಬೆರಳು ಕೇಳಲಿಲ್ಲ. ಎರಡು ಸಲ ಜಾರಿತು, ಮೂರನೇ ಸಲ ಟಕ್ ಅಂತು. ದೋಣಿಯನ್ನು ಮೊಣಕಾಲು ಆಳಕ್ಕೆ ತಳ್ಳಿ, ಕಾಲು ಎತ್ತಿ ಹಾಕುವಾಗ ಪಕ್ಕದಿಂದ ಒಂದು ಅಲೆ ಬಂತು. ದೋಣಿ ನನ್ನ ಮೇಲೇ ಮಗುಚಿತು. ಮತ್ತೆ ಏರಿ ಹುಟ್ಟು ಹಾಕಲು ಶುರು ಮಾಡಿದೆ. ಇನ್ನೂರು ಮೀಟರಿಗೇ ಭುಜ ಉರಿಯತೊಡಗಿತು. ಪಕ್ಕದ ದೋಣಿಯಲ್ಲಿ ಅಂಕೋಲಾದ ಅಕ್ಕ ಇದ್ದರು. ಗಂಗಾವಳಿ ಹೊಳೆಯ ದಂಡೆಯಲ್ಲಿ, ದೋಣಿಗಳ ನಡುವೆಯೇ ಬೆಳೆದವರು. ಸ್ವಲ್ಪ ಹೊತ್ತು ನನ್ನನ್ನು ನೋಡಿ, “ಕೈಯಿಂದ ಎಳಿಬೇಡ ತಮಾ, ಸೊಂಟ ತಿರುಗ್ಸು” ಅಂದರು.

ಅವರು ತೋರಿಸಿಕೊಟ್ಟದ್ದು ಇಷ್ಟು. ಹುಟ್ಟನ್ನು ಕಾಲ್ಬೆರಳ ಹತ್ತಿರ ನೀರಿಗೆ ಪೂರ್ತಿ ಇಳಿಸಬೇಕು. ಕೈ ಮಡಚಿ ಎಳೆಯದೆ, ತೋಳು ಹೆಚ್ಚು ಕಡಿಮೆ ನೇರ ಇಟ್ಟು, ಹೊಟ್ಟೆ ಬೆನ್ನು ಸೇರಿ ತಿರುಗಬೇಕು. ಹುಟ್ಟು ಸೊಂಟದ ಪಕ್ಕ ಬಂದ ಕೂಡಲೇ ಹೊರಗೆ ತೆಗೆಯಬೇಕು, ಹಿಂದಕ್ಕೆ ಎಳೆದಷ್ಟೂ ದೋಣಿ ಅಡ್ಡ ತಿರುಗುತ್ತದೆ. ಯಾವ ಬದಿಗೆ ಹುಟ್ಟು ಹಾಕುತ್ತೇವೋ ಆ ಬದಿಯ ಪಾದದಿಂದ ದೋಣಿಯನ್ನು ಒತ್ತಬೇಕು. ಹಾಗೆ ಮಾಡಿದಾಗ ಭುಜದ ಭಾರ ಇಳಿದುಹೋಯಿತು. ಕೆಲಸ ಹೊಟ್ಟೆಯ ಪಕ್ಕಕ್ಕೆ, ಬೆನ್ನಿಗೆ, ಪಾದಕ್ಕೆ ಹಂಚಿಹೋಯಿತು. ಮರುದಿನ ನೋವು ಇದ್ದದ್ದು ಪಕ್ಕೆಲುಬಿನ ಕೆಳಗೆ, ಭುಜದಲ್ಲಿ ಅಲ್ಲ. ಈಜಿನ ಹಿಂದೆ ಕಯಾಕ್ ಬರುವುದು ಭುಜಕ್ಕೆ ಎರಡು ಪಟ್ಟು ಕೆಲಸ ಅನ್ನುವ ನನ್ನ ಹೆದರಿಕೆ ಅರ್ಧಕ್ಕರ್ಧ ಕಡಿಮೆ ಆಯಿತು. ಸರಿಯಾಗಿ ಕಲಿತರೆ ಅವು ಎರಡು ಬೇರೆ ಬೇರೆ ಕೆಲಸಗಳೇ.

ಉಳಿದ ಅರ್ಧವನ್ನು ನಿರ್ಧರಿಸಿದ್ದು ಗಾಳಿ. ಮಳೆಗಾಲ ಮುಗಿದ ಮೇಲೆ ಗೋವಾದ ಕಡಲು ಬೆಳಿಗ್ಗೆ ಶಾಂತವಾಗಿರುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಕಡಲ ಗಾಳಿ ಏಳುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆಲ್ಲ ಸಣ್ಣ ಅಲೆ. ಸೈಕಲ್ ಆದ ಮೇಲೆ ಕಯಾಕ್ ಅಂದರೆ ಹಿಂದೆ ಉಳಿದವರು, ಅಂದರೆ ಹೆಚ್ಚು ದಣಿದವರು, ಏಳುತ್ತಿರುವ ಗಾಳಿಯಲ್ಲಿ ದೋಣಿ ಹತ್ತಬೇಕು. 1974ರಲ್ಲಿ ಮಿಷನ್ ಬೇಯಲ್ಲಿ ಆದದ್ದೂ ಇದೇ ತಾನೆ? ಈಜಿನ ಬೆನ್ನಿಗೇ ಇಟ್ಟರೆ ನೀರಿನ ಕೆಲಸವೆಲ್ಲ ಒಟ್ಟಿಗೆ ಮುಗಿಯುತ್ತದೆ. ಕಾಯುವ ದೋಣಿ, ಈಜು ಬಲ್ಲ ಕಾವಲಿನವರು ಒಂದೇ ಸಲ ಸಾಕು.

ಜಾಗದ ವಿಷಯದಲ್ಲೂ ಹೀಗೇ ಯೋಚಿಸಿದೆವು. ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗು, ಬಾರ್ಜ್ ಓಡಾಡುತ್ತವೆ. ಜುವಾರಿಯ ಬಾಯಲ್ಲಿ ಮುರಗಾಂವ್ ಬಂದರಿನ ಹಡಗುಗಳು. ನದಿಯ ಬಾಯಲ್ಲಿ ಉಬ್ಬರ ಇಳಿತದ ಸೆಳೆತವೂ ಜೋರು, ಇಳಿತದಲ್ಲಿ ದೋಣಿಯನ್ನು ಹೊರಗಿನ ಕಡಲಿಗೆ ಎಳೆಯುತ್ತದೆ. ಬೊಗ್ಮಾಳೊ ಒಂದು ಚಿಕ್ಕ ಕೊಲ್ಲಿ, ಗಾಳಿಗೆ ಸ್ವಲ್ಪ ಮರೆ ಇದೆ. ಅಲ್ಲೂ ಉಬ್ಬರದ ಪಟ್ಟಿ ನೋಡಿಯೇ ದಿನ ಇಡಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಏಳರ ಆಸುಪಾಸು ಪೂರ್ತಿ ಉಬ್ಬರ ಇರುವ ಭಾನುವಾರ ಸಿಕ್ಕರೆ ನೀರಿನ ಸೆಳೆತ ಕಡಿಮೆ, ಒದ್ದೆ ಮರಳಿನ ಮೇಲೆ ದೋಣಿ ಎಳೆದುಕೊಂಡು ಹೋಗುವ ದೂರವೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾತೇ ಇಲ್ಲ, ಆಗ ಕಡಲಿಗೆ ಇಳಿಯಲೇಬಾರದು.

ಇನ್ನು ದೋಣಿಗಳ ಲೆಕ್ಕ. ಹದಿನಾಲ್ಕು ಜನಕ್ಕೆ ಹದಿನಾಲ್ಕು ಒಂದೇ ತರಹದ ದೋಣಿ ಸಿಗುವುದಿಲ್ಲ. ಏಳು ಸಿಕ್ಕವು. ಹಾಗಾಗಿ ಎರಡು ತಂಡ. ಮೊದಲ ತಂಡ ಈಜಿ ದೋಣಿ ಹತ್ತುವುದು 20ನೇ ನಿಮಿಷಕ್ಕೆ, ದೋಣಿ ದಡಕ್ಕೆ ಮರಳುವುದು 55ನೇ ನಿಮಿಷಕ್ಕೆ. ಎರಡನೇ ತಂಡ 40 ನಿಮಿಷ ಬಿಟ್ಟು ನೀರಿಗಿಳಿದರೆ ಅವರು ಮೇಲೆ ಬರುವಾಗ 60ನೇ ನಿಮಿಷ, ದೋಣಿ ಕಾದಿರುತ್ತದೆ. 6.45ಕ್ಕೆ ಮೊದಲ ತಂಡ, 7.25ಕ್ಕೆ ಎರಡನೆಯದು. 8.20ರ ಒಳಗೆ ಎಲ್ಲರೂ ನೀರಿನಿಂದ ಹೊರಗೆ. ಓಟದಲ್ಲಿ ನಿಧಾನ ಇರುವವರನ್ನು ಮೊದಲ ತಂಡಕ್ಕೆ ಹಾಕಿದ್ದೇವೆ, ಬಿಸಿಲು ಏರುವ ಮೊದಲೇ ಅವರ ಓಟ ಮುಗಿಯಲಿ ಅಂತ. ಗದಗಿನ ಅಣ್ಣ ಎರಡನೇ ತಂಡದಲ್ಲಿದ್ದಾನೆ. ಮೊದಲ ತಂಡದವರು ದೋಣಿ ಹತ್ತುವಾಗ ಸೊಂಟದ ನೀರಿನಲ್ಲಿ ನಿಂತು, ಅಲೆ ಬಂದಾಗ ಒಂದೊಂದೇ ದೋಣಿಯನ್ನು ಅಲುಗಾಡದ ಹಾಗೆ ಹಿಡಿಯುವುದು ಅವನ ಕೆಲಸ.